ಅಂಗವಿಕಲ ಮಗುವಿಗೆ ಶಾಲೆ ಆರಿಸುವ ಹಕ್ಕು ಯಾರದು, ಸರ್ಕಾರದ ಹಣ ಹೇಗೆ ತಲುಪುತ್ತದೆ?

ಆಯ್ಕೆ ಮಗುವಿನದೇ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ 31ನೇ ಸೆಕ್ಷನ್ ಪ್ರಕಾರ, ಶೇ. 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವಿರುವ 6ರಿಂದ 18 ವರ್ಷದ ಮಗು ಹತ್ತಿರದ ಸಾಮಾನ್ಯ ಶಾಲೆಯಲ್ಲಾದರೂ ವಿಶೇಷ ಶಾಲೆಯಲ್ಲಾದರೂ ಉಚಿತವಾಗಿ ಕಲಿಯಬಹುದು. "ನಿಮ್ಮ ಮಗುವಿಗೆ ವಿಶೇಷ ಶಾಲೆಯೇ ಸರಿ" ಎಂದು ಸಾಮಾನ್ಯ ಶಾಲೆಯವರು ಬಾಗಿಲಲ್ಲೇ ವಾಪಸ್ ಕಳಿಸುವುದು ತಪ್ಪು. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು ಎಂದು 16ನೇ ಸೆಕ್ಷನ್ ಹೇಳುತ್ತದೆ.

ಮೊದಲು ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡುವ ವಿಶಿಷ್ಟ ಗುರುತಿನ ಚೀಟಿ) ಮಾಡಿಸಿ. ಶೇ. 40ರ ಲೆಕ್ಕಕ್ಕೆ ಅದೇ ದಾಖಲೆ.

ಹಣದ ವಿಷಯದಲ್ಲೇ ಹೆಚ್ಚಿನವರಿಗೆ ಗೊಂದಲ. ಶಾಲಾ ಶಿಕ್ಷಣಕ್ಕೆ ಕೇಂದ್ರದ ಯೋಜನೆಯಾದ ಸಮಗ್ರ ಶಿಕ್ಷಣದಡಿ ಒಂದು ಅಂಗವಿಕಲ ಮಗುವಿಗೆ ವರ್ಷಕ್ಕೆ 3,500 ರೂ.ವರೆಗೆ ಲೆಕ್ಕ ಹಾಕುತ್ತಾರೆ. ಅದು ಪೂರ್ತಿಯಾಗಿ ಪೋಷಕರ ಖಾತೆಗೆ ಬರುವ ನಗದಲ್ಲ. ಸಾಧನ ಸಲಕರಣೆ, ಬ್ರೈಲ್ ಪುಸ್ತಕ, ಓಡಾಟದಂಥ ಸೌಲಭ್ಯಗಳಿಗೆ ಇಲಾಖೆಯ ಮೂಲಕ ಖರ್ಚಾಗುತ್ತದೆ. ಹೆಣ್ಣುಮಕ್ಕಳಿಗೆ ಪ್ರತ್ಯೇಕವಾಗಿ ತಿಂಗಳಿಗೆ 200 ರೂ.ನಂತೆ 10 ತಿಂಗಳು ಸ್ಟೈಪೆಂಡ್ ಇದೆ.

ಎಡವುವುದು ದಾಖಲಾತಿಯಲ್ಲಿ. ಶಾಲೆ ಮತ್ತು ಮಕ್ಕಳ ವಿವರ ತುಂಬುವ ಸರ್ಕಾರದ ಆನ್‌ಲೈನ್ ದಾಖಲೆಯಾದ ಯು-ಡೈಸ್ ಪ್ಲಸ್‌ನಲ್ಲಿ ಮಗುವಿನ ವೈಕಲ್ಯದ ಕಾಲಂ ಖಾಲಿ ಉಳಿದರೆ ಇಲಾಖೆಯ ಲೆಕ್ಕಕ್ಕೆ ಆ ಮಗು ಸಿಗುವುದೇ ಇಲ್ಲ. ದಾಖಲಾತಿ ಮುಗಿದ ಮೇಲೆ ಮುಖ್ಯ ಶಿಕ್ಷಕರ ಎದುರೇ ಕೂತು ಆ ನಮೂದನ್ನು ಕಣ್ಣಾರೆ ನೋಡಿ ಬನ್ನಿ. ದಯವಿಟ್ಟು ಇದನ್ನು ಬಿಡಬೇಡಿ.

ಸೀಟು ನಿರಾಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ, ಮೊದಲು ಕ್ಷೇತ್ರ ಶಿಕ್ಷಣಾಧಿಕಾರಿಗೆ, ಆಮೇಲೂ ಆಗದಿದ್ದರೆ ರಾಜ್ಯದ ಅಂಗವಿಕಲರ ಆಯುಕ್ತರಿಗೆ ದೂರು ಕೊಡಿ.