ಹೊಗೆ ಬಂದ ತಕ್ಷಣ ಟರ್ಬೊ ಬದಲಿಸಬೇಡಿ

ಮೂರು ಚಕ್ರದ ಟೂರಿಂಗ್ ಬೈಕಿಗೆ ಹೊರಗಿನ ಟರ್ಬೊ ಕಿಟ್ ಹಾಕಿಸಿಕೊಂಡವರು ಬೆಂಗಳೂರಿನಲ್ಲಿ ಬೆರಳೆಣಿಕೆಯಷ್ಟು ಜನ. ಆದರೆ ಎಲ್ಲರ ಗೋಳೂ ಒಂದೇ, ಎಲ್ಲರಿಗೂ ಗ್ಯಾರೇಜಿನಲ್ಲಿ ಸಿಗುವ ಉತ್ತರವೂ ಒಂದೇ. ಅದಕ್ಕೇ ಈ ಸಲ ಒಂದು ಪ್ರಶ್ನೆಗೆ ಜಾಸ್ತಿ ಜಾಗ. ಸೈಲೆನ್ಸರಿಗೆ ಹೋಗುವ ಬಿಸಿಗಾಳಿಯಿಂದ ತಿರುಗಿ ಎಂಜಿನ್ನಿಗೆ ಗಾಳಿ ತುರುಕುವ ಸಾಧನ ಅನ್ನುವುದಕ್ಕಿಂತ ಹೆಚ್ಚಾಗಿ ಟರ್ಬೊ ಅಂದರೇನು ಅಂತ ಇಲ್ಲಿ ವಿವರಿಸುವುದಿಲ್ಲ. ಅಷ್ಟು ದುಡ್ಡು ಹಾಕುವ ಮುಂಚೆ ಅದನ್ನು ತಿಳಿದುಕೊಂಡಿರುತ್ತೀರಿ ಅಂದುಕೊಂಡಿದ್ದೇನೆ.

ಪ್ರಶ್ನೆ: ನನ್ನದು 1330 ಸಿಸಿ ಗಾಡಿ. ಮುಂದೆ ಎರಡು ಚಕ್ರ, ಹಿಂದೆ ಒಂದು. ಹೆಬ್ಬಾಳದ ಜಾಮ್‌ನಲ್ಲಿ ಸ್ವಲ್ಪ ಹೊತ್ತು ನಿಂತು ಹೊರಟರೆ ಹಿಂದೆ ನೀಲಿ ಹೊಗೆ. ಹೈವೇಯಲ್ಲಿ ಏನೂ ಇಲ್ಲ. ಸೀಲ್ ಹೋಗಿದೆ ಅಂತ ಒಮ್ಮೆ ಟರ್ಬೊ ಬದಲಿಸಿದರು. ಎರಡೇ ತಿಂಗಳಿಗೆ ಮತ್ತೆ ಹೊಗೆ. ಈಗ ಇನ್ನೊಂದು ಟರ್ಬೊ ತರಿಸಬೇಕಂತೆ. ತರಿಸಲೇ? (ಸಹಕಾರನಗರದ ಓದುಗರು)

ಬೇಡ. ಅಡ್ವಾನ್ಸ್ ಕೊಟ್ಟಿದ್ದರೆ ವಾಪಸ್ ಕೇಳಿ.

ಹೊಸ ಟರ್ಬೊ ಕೂಡ ಎರಡು ತಿಂಗಳಿಗೆ ಅದೇ ಥರ ಹೊಗೆ ಬಿಟ್ಟಿತು ಅಂದರೆ ತಪ್ಪು ಟರ್ಬೊದ್ದಲ್ಲ ಅಂತ ಯಾರಿಗಾದರೂ ಹೊಳೆಯಬೇಕು, ಅಲ್ವಾ? ಮೊದಲನೆಯದು ಯಾಕೆ ಹೋಯಿತು ಅಂತ ಕೇಳದೆ ಎರಡನೆಯದನ್ನು ಕೂರಿಸುವವರು ಮೆಕ್ಯಾನಿಕ್ ಅಲ್ಲ, ಪಾರ್ಟ್ಸ್ ಮಾರುವವರು.

ಟರ್ಬೊ ಒಳಗಿರುವ 'ಸೀಲ್' ರಬ್ಬರಿನದ್ದಲ್ಲ. ಪಿಸ್ಟನ್ ರಿಂಗಿನ ಥರದ ಸಣ್ಣ ಲೋಹದ ರಿಂಗ್ ಅದು. ಅದೊಂದೇ ಆಯಿಲನ್ನು ತಡೆಯುವುದಿಲ್ಲ. ಶಾಫ್ಟಿನ ಎರಡೂ ತುದಿಯ ರೆಕ್ಕೆಚಕ್ರಗಳ ಕಡೆಯ ಗಾಳಿಯ ಒತ್ತಡವೂ ತಡೆಯಬೇಕು, ಒಳಗೆ ಬಂದ ಆಯಿಲ್ ಕೆಳಗೆ ಸರಾಗವಾಗಿ ಇಳಿದೂ ಹೋಗಬೇಕು. ಹೈವೇಯಲ್ಲಿ ಒತ್ತಡ ಚೆನ್ನಾಗಿರುತ್ತದೆ, ಹೊಗೆ ಇಲ್ಲ. ಜಾಮ್‌ನಲ್ಲಿ ಐಡಲ್‌ನಲ್ಲಿ ನಿಂತಾಗ ಒತ್ತಡ ಇರುವುದಿಲ್ಲ. ಆಗ ಆಯಿಲ್ ಇಳಿಯುವ ದಾರಿ ಸರಿ ಇಲ್ಲದಿದ್ದರೆ ಅದು ನಡುವಿನ ಬೇರಿಂಗ್ ಗೂಡಲ್ಲೇ ತುಂಬಿಕೊಂಡು, ರಿಂಗ್ ದಾಟಿ ಸೈಲೆನ್ಸರ್ ಕಡೆ ಜಿನುಗುತ್ತದೆ. ಸಿಗ್ನಲ್ ಬಿಟ್ಟು ಆಕ್ಸಿಲರೇಟರ್ ತಿರುವಿದಿರೋ, ಅಷ್ಟೂ ಒಟ್ಟಿಗೆ ಸುಡುತ್ತದೆ. ನಿಮಗೆ ಕಾಣುವ ನೀಲಿ ಹೊಗೆ ಅದೇ.

ಹಾಗಾಗಿ ಮೊದಲು ನೋಡಬೇಕಾದ್ದು ಟರ್ಬೊದಿಂದ ಆಯಿಲ್ ವಾಪಸ್ ಇಳಿಯುವ ರಿಟರ್ನ್ ಪೈಪ್. ಟರ್ಬೊಗೆ ಆಯಿಲ್ ಪಂಪಿನ ಒತ್ತಡದಲ್ಲಿ ಹೋಗುತ್ತದೆ, ಆದರೆ ಹೊರಗೆ ಬರುವುದು ಬರೀ ತನ್ನ ತೂಕದಿಂದ. ಬರುವಾಗ ಅದು ಆಯಿಲಿನ ಹಾಗೆ ಇರುವುದೂ ಇಲ್ಲ. ಎತ್ತರದಿಂದ ಸುರಿದ ಫಿಲ್ಟರ್ ಕಾಫಿಯ ಹಾಗೆ ಪೂರ್ತಿ ನೊರೆ. ಅದಕ್ಕೇ ಆಯಿಲ್ ಒಳಗೆ ತರುವ ಫೀಡ್ ಪೈಪ್ ಪೆನ್ಸಿಲಿನಷ್ಟು ಸಣ್ಣದಿದ್ದರೂ ನಡೆಯುತ್ತದೆ, ರಿಟರ್ನ್ ಪೈಪಿನ ಒಳಗಿನ ಅಗಲ ಮಾತ್ರ ಅರ್ಧ ಇಂಚಿಗಿಂತ ಕಡಿಮೆ ಇರಬಾರದು. ಎಲ್ಲೂ ಮೇಲಕ್ಕೆ ಏರದೆ ಇಳಿಜಾರಾಗಿ ಬರಬೇಕು. ಸಂಪಿನಲ್ಲಿ, ಅಂದರೆ ಎಂಜಿನ್ನಿನ ತಳದ ಆಯಿಲ್ ತೊಟ್ಟಿಯಲ್ಲಿ, ಆಯಿಲ್ ಮಟ್ಟಕ್ಕಿಂತ ಮೇಲೆ ಸೇರಬೇಕು.

ನಿಮ್ಮ ಥರದ ಗಾಡಿಯಲ್ಲಿ ಎಂಜಿನ್ ತಗ್ಗಿನಲ್ಲಿ ಕೂತಿರುತ್ತದೆ, ಸುತ್ತ ಪ್ಯಾನೆಲ್, ಜಾಗವೇ ಇಲ್ಲ. ನೀವು ಕಳಿಸಿದ ಫೋಟೋಗಳಲ್ಲಿ ಮೂರನೆಯದನ್ನು ದೊಡ್ಡದು ಮಾಡಿ ನೋಡಿ. ಫ್ರೇಮ್ ಪೈಪಿನ ಪಕ್ಕ ಕಪ್ಪು ಹೋಸ್ ಬಾಗಿದೆಯಲ್ಲ, ಅಲ್ಲಿ ಅದು ಒತ್ತಿಕೊಂಡು ಚಪ್ಪಟೆಯಾಗಿದೆ. ಅದರ ಮೇಲೊಂದು ಕೇಬಲ್ ಟೈ ಬೇರೆ ಬಿಗಿದಿದ್ದಾರೆ. ಹೋಸಿನ ಮೇಲ್ಭಾಗ ಒದ್ದೆ, ಬಾಗಿನಿಂದ ಕೆಳಗೆ ಒಣಗಿದೆ. ಎರಡು ಟರ್ಬೊ ದುಡ್ಡು ಆ ಕೇಬಲ್ ಟೈ ಕೆಳಗೆ ಸಿಕ್ಕಿಕೊಂಡಿದೆ.

ಪೈಪ್ ಸರಿಮಾಡಿದ ಮೇಲೂ ಹೊಗೆ ಬಂದರೆ ಏರ್ ಫಿಲ್ಟರ್ ತೆಗೆದು ನೋಡಿ. ನಮ್ಮೂರ ಮೆಟ್ರೊ ಕಾಮಗಾರಿಯ ಧೂಳಿಗೆ ಅದು ಬೇಗ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡರೆ ಟರ್ಬೊದಲ್ಲಿ ಗಾಳಿ ಎಳೆಯುವ ಭಾಗವಾದ ಕಂಪ್ರೆಸರ್ ಗಾಳಿಯ ಬದಲು ಆಯಿಲನ್ನೇ ಎಳೆಯುತ್ತದೆ. ಆಮೇಲೆ ಎಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪ್. ಕ್ರ್ಯಾಂಕ್‌ಕೇಸ್ (ಎಂಜಿನ್ನಿನ ಕೆಳಗಿನ ಗೂಡು) ಒಳಗೆ ಒತ್ತಡ ಜಾಸ್ತಿಯಾದರೆ ರಿಟರ್ನ್ ಪೈಪ್ ಎಷ್ಟು ದಪ್ಪ ಇದ್ದರೂ ಆಯಿಲ್ ಇಳಿಯಲ್ಲ. ಆಯಿಲ್ ಜಾಸ್ತಿ ತುಂಬಿಸಿದ್ದರೂ ಇದೇ ಕಾಯಿಲೆ. ಟರ್ಬೊ ಸಂಪಿಗಿಂತ ಕೆಳಗೇ ಕೂತಿದ್ದರೆ ಆಯಿಲ್ ಎತ್ತಿ ಹಾಕಲು ಪ್ರತ್ಯೇಕ ಪಂಪ್ ಬೇಕೇ ಬೇಕು. ಅದಿಲ್ಲದೆ ಕಿಟ್ ಕೂರಿಸಿದವರ ಹತ್ತಿರ ಮತ್ತೆ ಹೋಗಬೇಡಿ.

ಇನ್ನು ಆ ಶಾಫ್ಟ್ ಅಲ್ಲಾಡಿಸುವ ನಾಟಕ. ಪೈಪ್ ಬಿಚ್ಚಿ, ಒಳಗೆ ಬೆರಳು ಹಾಕಿ, ಟರ್ಬೊದ ರೆಕ್ಕೆಚಕ್ರ ಅಲ್ಲಾಡಿಸಿ, "ನೋಡಿ ಸಾರ್, ಪ್ಲೇ ಬಂದಿದೆ, ಹೋಯ್ತು" ಅನ್ನುತ್ತಾರೆ. ಮಾಮೂಲಿ ಬುಷ್ ಬೇರಿಂಗಿನ ಟರ್ಬೊದಲ್ಲಿ ಶಾಫ್ಟ್ ಆಯಿಲಿನ ಪದರದ ಮೇಲೆ ತೇಲುತ್ತದೆ. ಎಂಜಿನ್ ನಿಂತಿರುವಾಗ ಅಡ್ಡಡ್ಡಲಾಗಿ ಸ್ವಲ್ಪ ಅಲ್ಲಾಡಲೇಬೇಕು. ಹೊಸದೂ ಅಲ್ಲಾಡುತ್ತದೆ. ಹಿಂದೆ ಮುಂದೆ ಎಳೆದಾಗ ಕೈಗೆ ಗೊತ್ತಾಗುವಷ್ಟು ಆಡಿದರೆ, ಇಲ್ಲವೇ ರೆಕ್ಕೆಯ ಅಂಚು ಗೋಡೆಗೆ ಉಜ್ಜಿ ಹೊಳೆಯುತ್ತಿದ್ದರೆ, ಆಗ ಹೋಗಿದೆ ಅಂತ ಒಪ್ಪಿಕೊಳ್ಳಿ.

ಹೊಗೆ ನಂದಿಬೆಟ್ಟ ಇಳಿಯುವಾಗ, ಆಕ್ಸಿಲರೇಟರ್ ಬಿಟ್ಟಾಗ ಜಾಸ್ತಿ ಬರುತ್ತದೆ ಅನ್ನುವವರಿಗೆ ಈ ಉತ್ತರ ಅಲ್ಲ. ಅದು ಎಂಜಿನ್ನಿನ ವಾಲ್ವ್ ಗೈಡ್ ಅಥವಾ ಪಿಸ್ಟನ್ ರಿಂಗಿನ ಕಥೆ. ಎಂಜಿನ್ ಬಿಚ್ಚಬೇಕಾಗಬಹುದು.

ಪ್ರಶ್ನೆ: ಬೂಸ್ಟ್ (ಟರ್ಬೊ ತುರುಕುವ ಗಾಳಿಯ ಒತ್ತಡ) 6 ಪಿಎಸ್‌ಐ ಇದೆ. 10 ಮಾಡಿಸಬಹುದಾ?

ನಿಮ್ಮ ಎಂಜಿನ್ನಿನ ಕಂಪ್ರೆಶನ್, ಅಂದರೆ ಸಿಲಿಂಡರಿನಲ್ಲಿ ಗಾಳಿಯನ್ನು ಎಷ್ಟು ಪಟ್ಟು ಅದುಮುತ್ತದೆ ಅನ್ನುವ ಲೆಕ್ಕ, 12ಕ್ಕಿಂತ ಜಾಸ್ತಿ. ಅದು ಟರ್ಬೊಗೆ ಅಂತ ಮಾಡಿದ ಎಂಜಿನ್ ಅಲ್ಲ. 1982ರಲ್ಲಿ ಹೋಂಡಾ ಸಿಎಕ್ಸ್500 ಟರ್ಬೊ ತಂದಾಗ ಕಂಪ್ರೆಶನ್ನನ್ನು 10ರಿಂದ 7.2ಕ್ಕೆ ಇಳಿಸಿತ್ತು. ಕಂಪನಿಯೇ ಅಷ್ಟು ಹೆದರಿದ ಜಾಗದಲ್ಲಿ ನೀವು ಲ್ಯಾಪ್‌ಟಾಪ್ ಹಿಡಿದು ಟ್ಯೂನ್ ಮಾಡುವ ಹುಡುಗನ ಮಾತು ಕೇಳಿ ಬೂಸ್ಟ್ ಏರಿಸಬೇಡಿ. ಪಿಸ್ಟನ್ ತೂತಾದರೆ ಅವನು ಫೋನ್ ಎತ್ತಲ್ಲ.

ಪ್ರಶ್ನೆ: ಇಲ್ಲಿ ಸರಿ ಇರುವ ಗಾಡಿ ಮಂಗಳೂರಿಗೆ ಇಳಿದರೆ ಎಂಜಿನ್ನಿನಲ್ಲಿ ಟಿಕಟಿಕ ಸದ್ದು ಬರುತ್ತದೆ. ಯಾಕೆ?

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಗಾಳಿಯ ಒತ್ತಡ ಕರಾವಳಿಗಿಂತ ಶೇ 10ರಷ್ಟು ಕಡಿಮೆ. ಶಿರಾಡಿ ಘಾಟ್ ಇಳಿದ ಮೇಲೆ ಮೀಟರಿನಲ್ಲಿ ಅದೇ 6 ಪಿಎಸ್‌ಐ ಕಾಣುತ್ತದೆ, ಆದರೆ ಸಿಲಿಂಡರಿನೊಳಗಿನ ಒತ್ತಡ ಶೇ 7–8 ಏರಿರುತ್ತದೆ. ಅದರ ಮೇಲೆ ಸೆಕೆ ಬೇರೆ. ನಿಮ್ಮ ಎಂಜಿನ್ ಕಂಪ್ಯೂಟರಿನ ಪೆಟ್ರೋಲ್ ಲೆಕ್ಕ ಮಾತ್ರ ಇಲ್ಲಿನ ತೆಳು ಗಾಳಿಗೆ ಬರೆದದ್ದು. ಆ ಸದ್ದು ನಾಕಿಂಗ್, ಅಂದರೆ ಪೆಟ್ರೋಲ್ ಸಿಲಿಂಡರಿನಲ್ಲಿ ಹತೋಟಿ ತಪ್ಪಿ ಸಿಡಿಯುವುದು. ಸದ್ಯಕ್ಕೆ 95 ಆಕ್ಟೇನಿಗಿಂತ ಕಡಿಮೆ ಹಾಕಬೇಡಿ, ಅಲ್ಲಿ ಇರುವಷ್ಟು ದಿನ ಆಕ್ಸಿಲರೇಟರ್ ಪೂರ್ತಿ ತಿರುವಬೇಡಿ. ವಾಪಸ್ ಬಂದ ಮೇಲೆ ಗಾಳಿಯ ನಿಜವಾದ ಒತ್ತಡ ಅಳೆದು ಪೆಟ್ರೋಲ್ ಕೊಡುವ ಹಾಗೆ ಟ್ಯೂನ್ ಮಾಡಿಸಿ.

ಪ್ರಶ್ನೆ: ಆಫ್ ಮಾಡುವ ಮುಂಚೆ ಐದು ನಿಮಿಷ ಐಡಲ್‌ನಲ್ಲಿ ಬಿಡಬೇಕಾ?

ಜೋರಾಗಿ ಓಡಿಸಿ ಬಂದ ತಕ್ಷಣ ನಿಲ್ಲಿಸಿದರೆ ಒಂದೆರಡು ನಿಮಿಷ ಬಿಡಿ, ಇಲ್ಲದಿದ್ದರೆ ಬೇರಿಂಗಿನ ಆಯಿಲ್ ಸುಟ್ಟು ಕರಿ ಕಟ್ಟುತ್ತದೆ. ಲೇಔಟ್ ಒಳಗೆ ಮೆಲ್ಲಗೆ ಬಂದಿದ್ದರೆ ಆ ಮೆಲ್ಲಗಿನ ಓಟವೇ ಸಾಕು. ಸುಮ್ನೆ ಬೇಸ್‌ಮೆಂಟಿನಲ್ಲಿ ನಿಂತು ಅಕ್ಕಪಕ್ಕದವರ ಕೈಲಿ ಬೈಸಿಕೊಳ್ಳಬೇಡಿ.

ಪ್ರಶ್ನೆ: ಟರ್ಬೊ ಕಾರಿನ ಆಯಿಲ್ ಹಾಕಬಹುದಾ?

ಕ್ಲಚ್ ಕೂಡ ಅದೇ ಆಯಿಲಿನಲ್ಲಿ ಮುಳುಗಿರುವ ಗಾಡಿಗೆ ಬೇಡ, ಜಾರುತ್ತದೆ. ಡಬ್ಬಿ ಮೇಲೆ ಜಾಸೊ ಎಂಎ2 (ಇಂಥ ಕ್ಲಚ್ಚಿನ ಬೈಕಿಗೆ ಹೊಂದುವ ಆಯಿಲಿನ ಗುರುತು) ಅಂತ ಇರಲಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಎಲೆಕ್ಟ್ರಿಕ್ ಟರ್ಬೊ ಒಂದೂವರೆ ಸಾವಿರಕ್ಕೆ ಸಿಗುತ್ತಿದೆ. ಕೆಲಸ ಮಾಡುತ್ತದಾ?

ಮಾಡುತ್ತದೆ, ಫ್ಯಾನ್ ಆಗಿ.

ಪ್ರಶ್ನೆ: ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಬಿಡುತ್ತಾರಾ?

2023ರ ಆಗಸ್ಟ್ 1ರಿಂದ ಮುಖ್ಯ ರಸ್ತೆಯಲ್ಲಿ ಬೈಕೂ ನಿಷೇಧ, ಮೂರು ಚಕ್ರದ ವಾಹನವೂ ನಿಷೇಧ. ನಿಮ್ಮದನ್ನು ಯಾವ ಕಡೆ ಸೇರಿಸಿದರೂ ಸರ್ವಿಸ್ ರೋಡೇ ಗತಿ.

ಪ್ರಶ್ನೆ: ಆರ್‌ಟಿಒ ತೊಂದರೆ ಬರುತ್ತದಾ?

ಬರುತ್ತದೆ. ನಾನು ಟರ್ಬೊ ಕೂರಿಸಿ ಕೊಡದಿರಲು ಇದೂ ಒಂದು ಕಾರಣ. ಹಾಳಾಗಿ ಬಂದದ್ದನ್ನು ನೋಡುತ್ತೇನೆ, ಅಷ್ಟೇ. ಅನುಮತಿ ಇಲ್ಲದೆ ಗಾಡಿ ಬದಲಾಯಿಸಿದರೆ ಮೋಟಾರು ವಾಹನ ಕಾಯ್ದೆಯ 182ಎ ಕಲಂ ಪ್ರಕಾರ ಒಂದೊಂದು ಬದಲಾವಣೆಗೂ ₹5,000 ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಇದಕ್ಕಿಂತ ದೊಡ್ಡ ತಲೆನೋವು ವಿಮೆ. ಹೇಳದೆ ಹಾಕಿಸಿದ ಟರ್ಬೊ ಇದ್ದರೆ ಅಪಘಾತವಾದ ದಿನ ಕ್ಲೇಮ್ ತಿರಸ್ಕರಿಸಲು ಅವರ ಕೈಗೆ ನೀವೇ ಕಾರಣ ಕೊಟ್ಟಂತೆ. "ಯಾರೂ ಬಿಚ್ಚಿ ನೋಡಲ್ಲ ಸಾರ್" ಅಂದ ಗ್ಯಾರೇಜಿನವರನ್ನು ಆ ಮಾತು ಬಿಲ್ಲಿನ ಮೇಲೆ ಬರೆದು ಸಹಿ ಹಾಕಿ ಕೊಡಿ ಅಂತ ಕೇಳಿ ನೋಡಿ.