ಕೇಪು ಕೈಕೊಟ್ಟರೆ

ಪ್ರಶ್ನೆ: ಕೊಲರಾಡೋದಲ್ಲಿದ್ದೇನೆ. ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಗೆ 30-06 ಅಳತೆಯ ರೈಫಲ್ ತೋಟೆಗಳನ್ನು ಮನೆಯಲ್ಲೇ ತುಂಬಿಕೊಳ್ಳುತ್ತೇನೆ. ಈ ಸಲ ಎರಡು ಈಡು ಹಾರಲೇ ಇಲ್ಲ. ಯಾವ ಕಂಪನಿಯ ಪ್ರೈಮರ್ ನಂಬಬಹುದು?

ಉತ್ತರ: ಕಂಪನಿ ಬದಲಿಸುವ ಮೊದಲು ತುಂಬಿಟ್ಟ ತೋಟೆಯ ತಳದ ಮೇಲೆ ಬೆರಳು ಸವರಿ ನೋಡಿ. ಪ್ರೈಮರ್ ಅಂದ್ರೆ ನಮ್ಮ ಮಲೆನಾಡಿನವರ ಕೇಪು, ಅಲ್ವಾ? ತೋಟೆಯ ತಳದಲ್ಲಿ ಕೂತು, ಬಂದೂಕಿನ ಪಿನ್ನು ಬಡಿದಾಗ ಕಿಡಿ ಹಾರಿಸಿ ಮದ್ದು ಹೊತ್ತಿಸುವ ಪುಟ್ಟ ಬಟ್ಟಲು. ಅದು ತೋಟೆಯ ಹಿತ್ತಾಳೆ ತಳದ ಮಟ್ಟಕ್ಕಿಂತ ಕೂದಲೆಳೆಯಷ್ಟು, ಅಂದರೆ 0.003ರಿಂದ 0.005 ಇಂಚು, ಒಳಗಿರಬೇಕು. ಉಬ್ಬಿದ್ದರೆ ಪಿನ್ನಿನ ಪೆಟ್ಟೆಲ್ಲ ಅದನ್ನು ಒಳಗೆ ತಳ್ಳುವುದಕ್ಕೇ ಖರ್ಚಾಗುತ್ತದೆ. ನನಗೂ ಹಾಗೇ ಆಗಿತ್ತು. ನಸುಕಿನ ಚಳಿ, ಎದುರಿಗೆ ಗಂಡು ಎಲ್ಕ್, ‘ಟಕ್’ ಅಂತ ಬರೀ ಸದ್ದು. ಮನೆಗೆ ಬಂದು ಬಿಚ್ಚಿ ನೋಡಿದರೆ ಕೇಪು ಕೂರುವ ಗುಳಿಯಲ್ಲಿ ಹಳೆಯ ಮಸಿ ಗಟ್ಟಿಯಾಗಿತ್ತು, ಹಾಗಾಗಿ ಕೇಪು ಪೂರ್ತಿ ಒಳಗೆ ಕೂತಿರಲಿಲ್ಲ. ಅಂದಿನಿಂದ ಪ್ರತಿ ಗುಳಿಯನ್ನೂ ಬ್ರಷ್ಷಿನಿಂದ ಉಜ್ಜುತ್ತೇನೆ.

ಫೆಡರಲ್ 210, ಸಿಸಿಐ 200 ಎರಡನ್ನೂ ನಾನು ನಂಬುತ್ತೇನೆ. ಎರಡೂ ಲಾರ್ಜ್ ರೈಫಲ್ ಪ್ರೈಮರ್. ಲಾರ್ಜ್ ಪಿಸ್ತೂಲಿನದೂ ಅಷ್ಟೇ ಅಗಲ, ಆದರೆ ಗಿಡ್ಡ, ತೆಳು. ಅದನ್ನು ಹಾಕಲೇಬೇಡಿ. ಮ್ಯಾಗ್ನಂ ಪ್ರೈಮರಿನ ಕಿಡಿ ಜಾಸ್ತಿ, ತೋಟೆ ತುಂಬುವ ಕೈಪಿಡಿಯಲ್ಲಿ ಹೇಳಿದ್ದರೆ ಮಾತ್ರ ಬಳಸಿ. ಯಾವುದಕ್ಕೇ ಬದಲಿಸಿದರೂ ಮದ್ದನ್ನು ಕೈಪಿಡಿಯ ಕನಿಷ್ಠ ಅಳತೆಯಿಂದ ಮತ್ತೆ ಶುರು ಮಾಡಿ.

ಇನ್ನೊಂದು ಮಾತು. ಈಡು ಹಾರದಿದ್ದರೆ ಗಡಿಬಿಡಿಯಲ್ಲಿ ಬೋಲ್ಟ್ (ತೋಟೆ ಹೊರತೆಗೆಯುವ ಹಿಡಿಕೆಯ ಭಾಗ) ಎಳೆಯಬೇಡಿ. ನಳಿಗೆಯನ್ನು ಯಾರೂ ಇಲ್ಲದ ಕಡೆ ಹಿಡಿದು ಪೂರ್ತಿ ಒಂದು ನಿಮಿಷ ಕಾಯಿರಿ. ಮದ್ದು ತಡವಾಗಿಯೂ ಹೊತ್ತಿಕೊಳ್ಳುತ್ತದೆ.