ಚುಕ್ಕೆಯಿಲ್ಲದ ಬಿಳಿತಲೆಯ ಗಲ್: ಹಣೆ ನೋಡಿದಿರಾ?

ಪ್ರಶ್ನೆ: ಚಳಿಗಾಲದ ಬೆಳಿಗ್ಗೆ ಅಳಿವೆಯೊಂದರ ಕೆಸರುದಿಬ್ಬದ ಮೇಲೆ ಸುಮಾರು ಇನ್ನೂರು ಕಪ್ಪುತಲೆ ಗಲ್‌ಗಳು (ಕಡಲಹಕ್ಕಿಗಳು) ಕುಳಿತಿದ್ದವು. ಚಳಿಗಾಲಕ್ಕೆ ಬಿಳಿಯಾದ ಅವುಗಳ ತಲೆಯಲ್ಲಿ ಕಣ್ಣಿನ ಹಿಂದೆ ಕಪ್ಪು ಚುಕ್ಕೆ ಎದ್ದು ಕಾಣುತ್ತಿತ್ತು. ಒಂದು ಹಕ್ಕಿಗೆ ಮಾತ್ರ ಚುಕ್ಕೆ ಇರಲಿಲ್ಲ. ಎದೆಯಲ್ಲಿ ನಸುಗುಲಾಬಿ ಛಾಯೆಯಿತ್ತು. ಮೂರು ಚಿತ್ರಗಳನ್ನು ಕಳುಹಿಸಿದ್ದೇನೆ. ಇದು ಸಪೂರ ಕೊಕ್ಕಿನ ಗಲ್ ಎಂದು ನನ್ನ ಊಹೆ. ಕೊಕ್ಕು ಸಪೂರವಾಗಿಲ್ಲವಲ್ಲ ಎಂದು ಗೆಳೆಯರು ಒಪ್ಪುತ್ತಿಲ್ಲ. ಯಾರು ಸರಿ?

ಉತ್ತರ: ನೀವು ಸರಿ. ಆದರೆ ನೀವು ಕೊಟ್ಟ ಎರಡೂ ಕಾರಣಗಳು ದುರ್ಬಲ.

ಗುಲಾಬಿ ಛಾಯೆಯನ್ನು ಮೊದಲು ಬದಿಗಿಡೋಣ. ಸಪೂರ ಕೊಕ್ಕಿನ ಗಲ್‌ನ ಎದೆ, ಹೊಟ್ಟೆಗಳಲ್ಲಿ ಅದು ಹೆಚ್ಚಾಗಿ ಕಾಣುತ್ತದೆ ಎಂಬುದು ನಿಜ. ಆದರೆ ಕಪ್ಪುತಲೆ ಗಲ್‌ನಲ್ಲೂ ಒಮ್ಮೊಮ್ಮೆ ಕಾಣುತ್ತದೆ. ಬೆಳಗಿನ ಓರೆಬಿಸಿಲು ಬಿಳಿ ಗರಿಗೆ ಏನೇನೋ ಬಣ್ಣ ಬಳಿಯುತ್ತದೆ. ಇನ್ನು ಚುಕ್ಕೆ. ನಿಮ್ಮ ಮೊದಲ ಚಿತ್ರದಲ್ಲಿ ಬೆಳಕು ಅತಿಯಾಗಿ ಪಕ್ಕದ ಹಕ್ಕಿಯ ಚುಕ್ಕೆಯೂ ಅರ್ಧ ಅಳಿಸಿಹೋಗಿದೆ. ಮೇಲಾಗಿ ಸಪೂರ ಕೊಕ್ಕಿನ ಗಲ್‌ಗೂ ಚಳಿಗಾಲದಲ್ಲಿ ಕಿವಿಯ ಬಳಿ ಮಸುಕಾದ ಬೂದು ಗುರುತು ಇರಬಹುದು.

ನನ್ನನ್ನು ಒಪ್ಪಿಸಿದ್ದು ಎರಡನೆಯ ಚಿತ್ರ. ಅದೇ ಮಂಕಾಗಿದೆ ಎಂದು ನೀವು ಕ್ಷಮೆ ಕೇಳಿದ್ದೀರಿ! ಅದರಲ್ಲಿ ಹಕ್ಕಿ ಆಳವಿಲ್ಲದ ನೀರಿನಲ್ಲಿ ಕತ್ತು ಚಾಚಿಕೊಂಡು ನಡೆಯುತ್ತಿದೆ. ಕಪ್ಪುತಲೆ ಗಲ್‌ನ ತಲೆ ದುಂಡಗೆ, ಹಣೆ ಕೊಕ್ಕಿನ ಬುಡದಿಂದ ತುಸು ಕಡಿದಾಗಿಯೇ ಏರುತ್ತದೆ. ಇದರ ಹಣೆಯೋ ಇಳಿಜಾರು. ನೆತ್ತಿಯಿಂದ ಕೊಕ್ಕಿನ ತುದಿಯವರೆಗೆ ಒಂದೇ ಉದ್ದನೆಯ ಗೆರೆ ಎಳೆದಂತೆ. ಹಣೆಯ ಗರಿಗಳು ಕೊಕ್ಕಿನ ಮೇಲೆ ಸಾಕಷ್ಟು ಮುಂದೆ ಬಂದಿರುವುದರಿಂದ ಕಣ್ಣು ಕೊಕ್ಕಿನಿಂದ ದೂರ, ಹಿಂದಕ್ಕೆ ಸರಿದಂತೆ ಕಾಣುತ್ತದೆ. ಕಾಲೂ ಉದ್ದ, ಕತ್ತೂ ಉದ್ದ. ಇಷ್ಟಾದರೂ ಒಂದು ಎಚ್ಚರ: ಬೆದರಿದ ಕಪ್ಪುತಲೆ ಗಲ್ ಕೂಡ ಕತ್ತು ನೀಳ ಮಾಡುತ್ತದೆ, ಕತ್ತು ಹುದುಗಿಸಿ ಕುಳಿತ ಸಪೂರ ಕೊಕ್ಕಿನ ಗಲ್ ತೀರಾ ಸಾಮಾನ್ಯವಾಗಿ ಕಾಣುತ್ತದೆ. ಆದ್ದರಿಂದ ಐದು ನಿಮಿಷವಾದರೂ ನೋಡುತ್ತಲೇ ಇರಬೇಕು. ಹಣೆಯ ಆಕಾರ ಮಾತ್ರ ಭಂಗಿಯೊಂದಿಗೆ ಅಷ್ಟಾಗಿ ಬದಲಾಗದು.

ಬೆಳೆದ ಸಪೂರ ಕೊಕ್ಕಿನ ಗಲ್‌ನ ಕಣ್ಣು ತಿಳಿಬಣ್ಣದ್ದು, ಕಪ್ಪುತಲೆ ಗಲ್‌ನದು ಕಡುಬಣ್ಣದ್ದು. ಇದು ಒಳ್ಳೆಯ ಗುರುತೇ, ಆದರೆ ಇಲ್ಲೊಂದು ಬಲೆ ಇದೆ. ಕಂದುತಲೆ ಗಲ್ ಎಂಬ ಇನ್ನೊಂದು ಜಾತಿಯಿದೆ; ಬೆಳೆದಾಗ ಅದರ ಕಣ್ಣೂ ತಿಳಿಬಣ್ಣದ್ದೇ. ಅದನ್ನು ಬೇರ್ಪಡಿಸಲು ರೆಕ್ಕೆ ಬಿಚ್ಚಿದಾಗ ನೋಡಬೇಕು: ಕಂದುತಲೆಗೆ ರೆಕ್ಕೆಯ ತುದಿ ಅಗಲವಾಗಿ ಕಪ್ಪು, ಆ ಕಪ್ಪಿನೊಳಗೆ ಬಿಳಿ ಮಚ್ಚೆಗಳು. ನಿಮ್ಮ ಮೂರನೆಯ ಚಿತ್ರದಲ್ಲಿ ಹಾರುವ ಹಕ್ಕಿಯ ರೆಕ್ಕೆಯ ಮುಂಗಡೆ ಉದ್ದನೆಯ ಬಿಳಿ ಪಟ್ಟಿಯಿದೆ, ಗರಿಗಳ ತುದಿ ಮಾತ್ರ ಕಪ್ಪು. ಅಲ್ಲಿಗೆ ಕಂದುತಲೆಯ ಮಾತು ಮುಗಿಯಿತು. ಆದರೆ ಕಪ್ಪುತಲೆ ಗಲ್‌ನ ರೆಕ್ಕೆಯೂ ಹೆಚ್ಚುಕಡಿಮೆ ಹೀಗೆಯೇ ಇರುವುದರಿಂದ, ಈ ಚಿತ್ರವೊಂದೇ ಇದ್ದಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲ.

ನಿಮ್ಮ ಹಕ್ಕಿ ಬೆಳೆದದ್ದಾದ್ದರಿಂದ ಕೆಲಸ ಸುಲಭವಾಯಿತು. ಮೊದಲ ಚಳಿಗಾಲದ ಮರಿಗಳಾಗಿದ್ದರೆ ಕೊಕ್ಕಿನ ತುದಿ ನೋಡಬೇಕಿತ್ತು: ಕಪ್ಪುತಲೆಯ ಮರಿಗೆ ತುದಿ ಸ್ಪಷ್ಟವಾಗಿ ಕಪ್ಪು; ಇದರ ಮರಿಗೆ ಕೊಕ್ಕು ಬಹುಮಟ್ಟಿಗೆ ತಿಳಿ ಕಿತ್ತಳೆ, ತುದಿಯ ಕಪ್ಪು ಇದ್ದರೂ ಅತ್ಯಲ್ಪ.

ಗೆಳೆಯರ ಆಕ್ಷೇಪಕ್ಕೆ ಬರೋಣ. ಗಲ್‌ಗಳಿಗೆ ಹೆಸರಿಟ್ಟವರನ್ನು ಪೂರ್ತಿ ನಂಬಬೇಡಿ. ಕಪ್ಪುತಲೆ ಗಲ್‌ನ ತಲೆ ಸಂತಾನಕಾಲದಲ್ಲೂ ಕಪ್ಪಲ್ಲ, ಕಡುಗಂದು; ಚಳಿಗಾಲದಲ್ಲಿ ಬಿಳಿ. ಸಪೂರ ಕೊಕ್ಕಿನ ಗಲ್‌ನ ಕೊಕ್ಕು ಉದ್ದವೇ ಹೊರತು ಅಂಥ ಸಪೂರವೇನಲ್ಲ. 1839ರಲ್ಲಿ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದಾಗ ಇಟ್ಟ ‘ಜೆನೆಯಿ’ ಎಂಬ ಹೆಸರಿನಲ್ಲಿ ಕೊಕ್ಕಿನ ಸುದ್ದಿಯೇ ಇಲ್ಲ. ಅದು ಇಟಲಿಯ ನಿಸರ್ಗಶಾಸ್ತ್ರಜ್ಞ ಜುಸೆಪ್ಪೆ ಜೆನೆಯ ಗೌರವಾರ್ಥ. ಗೆಳೆಯರಿಗೆ ಆ ಮಂಕಾದ ಚಿತ್ರವನ್ನೇ ತೋರಿಸಿ, ಕೊಕ್ಕನ್ನು ಬೆರಳಿನಿಂದ ಮುಚ್ಚಿ, ಹಣೆಯನ್ನಷ್ಟೇ ನೋಡಲು ಹೇಳಿ.